ಹಿಂದಿನ ಕೋಣೆಯ ಬೇಸಿಗೆ

ಮೂವತ್ತೊಂದು ವರ್ಷ ನಾನು ಉತ್ತರ ಧ್ರುವಕ್ಕೆ ಹತ್ತಿರದ ಫೇರ್‌ಬ್ಯಾಂಕ್ಸ್‌ನಲ್ಲಿ ಮನೆಗಳನ್ನು ಬೆಚ್ಚಗಿಡುವ ಬಾಯ್ಲರ್ ರಿಪೇರಿ ಮಾಡಿಕೊಂಡಿದ್ದವನು. ನಮ್ಮೂರಲ್ಲಿ ಜನವರಿಯಲ್ಲಿ ಬಾಯ್ಲರ್ ನಿಂತಿತೆಂದರೆ ಜನ ಮೊದಲು ನನಗೆ ಫೋನ್ ಮಾಡುತ್ತಿದ್ದರು, ಆಮೇಲೆ ದೇವರನ್ನು ನೆನೆಯುತ್ತಿದ್ದರು. ಈ ಮರ್ಯಾದೆ ನನ್ನ ತಲೆಗೇರಿತ್ತು. ಯಾರ ಮನೆಯ ನೆಲಮಾಳಿಗೆಗೆ ಇಳಿದರೂ ರಿಪೇರಿಯ ಜೊತೆಗೆ ಒಂದು ಉಪದೇಶವನ್ನೂ ಮಾಡಿಯೇ ಮೇಲೆ ಬರುತ್ತಿದ್ದೆ. ಜನರೇಟರನ್ನು ತಿಂಗಳಿಗೊಮ್ಮೆಯಾದರೂ ಓಡಿಸಿ ನೋಡಿ. ಕರೆಂಟು ಹೋದರೆ ಮೊಟ್ಟಮೊದಲು ಪೈಪಿನ ನೀರು ಬಸಿದುಬಿಡಿ, ಇಲ್ಲದಿದ್ದರೆ ಹೆಪ್ಪುಗಟ್ಟಿ ಪೈಪು ಒಡೆಯುತ್ತದೆ. ಸೌದೆ ಒಲೆಯ ಕಾಲ ಮುಗಿಯಿತು, ಅದನ್ನು ಕಿತ್ತು ಹಾಕಿ. ಜನ ತಲೆಯಾಡಿಸುತ್ತಿದ್ದರು. ಚಳಿಯಲ್ಲಿ ನಡುಗುತ್ತಿರುವವರು ಯಾವುದಕ್ಕೂ ತಲೆಯಾಡಿಸುತ್ತಾರೆ ಎಂಬುದು ನನಗೆ ಹೊಳೆದಿರಲಿಲ್ಲ.

ನನ್ನ ಸ್ವಂತ ಮನೆಯ ಕಥೆ ಬೇರೆ. ಅಲ್ಲಿ ಶಾಖ ಯಾವತ್ತೂ ಅರವತ್ತೆರಡು ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತಿರಲಿಲ್ಲ. ಅಂದರೆ ಎರಡು ಸ್ವೆಟರ್ ಹಾಕಿಕೊಂಡರೆ ಕೂರಬಹುದು, ಒಂದೇ ಹಾಕಿಕೊಂಡರೆ ಓಡಾಡುತ್ತಿರಬೇಕು. ಶಾಖ ಏರಿಸಿ ಇಳಿಸುವ ಥರ್ಮೋಸ್ಟ್ಯಾಟಿನ ಮೇಲೆ ‘ಮುಟ್ಟಬಾರದು’ ಎಂದು ಚೀಟಿ ಅಂಟಿಸಿದ್ದೆ. ಆ ಮನೆಯಲ್ಲಿ ಇದ್ದದ್ದು ಇಬ್ಬರೇ. ಚೀಟಿ ಬರೆದವನು ನಾನಾದ್ದರಿಂದ ಅದು ಯಾರಿಗಾಗಿ ಎಂದು ಬಿಡಿಸಿ ಹೇಳಬೇಕಿಲ್ಲ. ನನ್ನ ಹೆಂಡತಿ ಮೇವಿಸ್ ಇಪ್ಪತ್ತೇಳು ವರ್ಷ ಅದನ್ನು ಮುಟ್ಟಲಿಲ್ಲ. ಸ್ವೆಟರ್ ಹಾಕಿಕೊಳ್ಳುವುದು ಒಳ್ಳೆಯ ನಡತೆಯ ಲಕ್ಷಣ ಎಂದು ನಾನು ನಂಬಿದ್ದೆ. ಅವಳೂ ಹಾಗೆಯೇ ನಂಬಿದ್ದಾಳೆ ಎಂದು ಅವಳನ್ನು ಕೇಳದೆಯೇ ತೀರ್ಮಾನಿಸಿದ್ದೆ.

ಮೇವಿಸ್ ಹಿಮನಾಡಿನ ಕಸ್ತೂರಿ ಎತ್ತಿನ ಉಣ್ಣೆಯಲ್ಲಿ ಶಾಲು, ಟೋಪಿ ಹೆಣೆಯುತ್ತಾಳೆ. ಹೊಗೆಯಷ್ಟು ಹಗುರವಾದ ಉಣ್ಣೆ ಅದು. ಎರಡು ವರ್ಷದ ಹಿಂದೆ ಅವಳ ಬೆರಳ ಗಿಣ್ಣುಗಳು ಊದಿಕೊಳ್ಳತೊಡಗಿದವು. ಬೆಳಿಗ್ಗೆ ಎದ್ದರೆ ಕಾಫಿ ಲೋಟ ಹಿಡಿಯಲೂ ಆಗುತ್ತಿರಲಿಲ್ಲ. ಪಕ್ಕದ ಮನೆಯ ಡೆಲ್ಫಿನ್ ಡೆಮೋಸ್ಕಿ ತನ್ನ ಮಂಡಿನೋವಿಗೆಂದು ಗಾಂಜಾ ಸೊಪ್ಪಿನಿಂದ ಕಾಯಿಸಿಟ್ಟುಕೊಂಡಿದ್ದ ಮುಲಾಮನ್ನು ಒಂದು ಡಬ್ಬಿಯಲ್ಲಿ ಕೊಟ್ಟಳು. ಹಚ್ಚಿಕೊಂಡ ಮೇಲೆ ಸ್ವಲ್ಪ ಹಗುರವಾಯಿತು ಎಂದಳು ಮೇವಿಸ್. ಇಷ್ಟು ಸಾಕಾಯಿತು ನನಗೆ. ನಮ್ಮ ರಾಜ್ಯದಲ್ಲಿ ಮನೆಯೊಳಗೆ ನಾಲ್ಕಾರು ಗಿಡ ಬೆಳೆಸಲು ಕಾನೂನಿನ ಅಡ್ಡಿಯಿಲ್ಲ. ಕೆಲಸದಿಂದ ನಿವೃತ್ತನಾಗಿ ಉಪದೇಶಕ್ಕೆ ಜನ ಸಿಗದೆ ಒದ್ದಾಡುತ್ತಿದ್ದ ನಾನು, ಮುಲಾಮಿಗೆ ಬೇಕಾದ ಸೊಪ್ಪನ್ನು ನಾನೇ ಬೆಳೆದು ಕೊಡುತ್ತೇನೆ ಎಂದು ಘೋಷಿಸಿಬಿಟ್ಟೆ.

ಡೆಲ್ಫಿನ್‌ಗೆ ಎಪ್ಪತ್ನಾಲ್ಕು ವರ್ಷ. ಯೂಕಾನ್ ನದಿಯ ದಂಡೆಯ ಹಳ್ಳಿಯಲ್ಲಿ ಹುಟ್ಟಿದವಳು, ಗಂಡ ತೀರಿಕೊಂಡ ಮೇಲೂ ಮರದ ದಿಮ್ಮಿಯ ಮನೆಯಲ್ಲಿ ಒಬ್ಬಳೇ ಇದ್ದು, ತಾನೇ ಸೌದೆ ಸೀಳಿ ಒಲೆ ಉರಿಸುವವಳು. ಬಾಯ್ಲರ್ ಹಾಕಿಸಿಕೊಳ್ಳಿ ಎಂದು ಇಪ್ಪತ್ತು ವರ್ಷದಿಂದ ಅವಳ ಬೆನ್ನು ಹತ್ತಿದ್ದೆ. ಅಕ್ಟೋಬರಿನಲ್ಲಿ ಸಸಿ ಕೇಳಲು ಹೋದಾಗ ಅವಳು ಮೂರು ಸಸಿಗಳನ್ನು ಮೊಸರಿನ ಡಬ್ಬಿಗಳಲ್ಲಿ ಇಟ್ಟುಕೊಟ್ಟು, ಇವನ್ನು ಈಗಲೇ ಬೆಳೆಸಲು ಹೋಗಬೇಡ, ಮೇ ತಿಂಗಳವರೆಗೆ ಹೇಗೋ ಉಸಿರಾಡಿಕೊಂಡಿರಲಿ ಎಂದಳು.

“ಚಳಿಗಾಲದಲ್ಲಿ ನೆಲಾನೇ ಮಲಗಿರುತ್ತೆ ಕಣಪ್ಪ. ನೀನು ಅದನ್ನ ಎಬ್ಬಿಸಿ ಏನ್ ಮಾಡ್ತೀಯ?”

“ಶಾಖ ಅನ್ನೋದು ವಿಜ್ಞಾನ ಡೆಲ್ಫಿನ್. ನಿಮಗೆ ತೋರಿಸ್ತೀನಿ ನೋಡ್ತಾ ಇರಿ,” ಎಂದೆ.

“ತೋರಿಸು. ಟೀವಿ ಕೆಟ್ಟು ಒಂದು ತಿಂಗಳಾಯ್ತು, ನಂಗೂ ನೋಡೋಕೆ ಏನಾದ್ರೂ ಬೇಕು,” ಎಂದಳು.

ಹಿಂದಿನ ಕೋಣೆಯಲ್ಲಿ ಮೇವಿಸಳ ಹೊಲಿಗೆ ಮೆಷೀನು, ಉಣ್ಣೆಯ ಬುಟ್ಟಿಗಳು, ಅವಳ ಆರಾಮ ಕುರ್ಚಿ ಇದ್ದವು. ಅವನ್ನೆಲ್ಲ ಅಡುಗೆಮನೆಯ ಮೂಲೆಗೆ ಸಾಗಿಸಿದೆ. ಆ ಮೂಲೆ ಬಾಗಿಲಿನ ಪಕ್ಕದಲ್ಲಿತ್ತು, ಬಾಗಿಲು ತೆರೆದಾಗಲೆಲ್ಲ ಹೊರಗಿನ ಗಾಳಿ ನೇರವಾಗಿ ಅಲ್ಲಿಗೇ ನುಗ್ಗುತ್ತಿತ್ತು. ಬಾಯ್ಲರ್ ಕೆಲಸದವನಾಗಿ ಇದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಖಾಲಿಯಾದ ಕೋಣೆಯ ಗೋಡೆಗಳಿಗೆ ಬೆಳ್ಳಿ ಬಣ್ಣದ ಹಾಳೆ ಹೊದಿಸಿದೆ. ಮೇಲಿನಿಂದ ಎರಡು ದೊಡ್ಡ ದೀಪ ಇಳಿಬಿಟ್ಟು ಅವಕ್ಕೆ ಟೈಮರ್ ಕಟ್ಟಿದೆ. ನೆಲ ತಣ್ಣಗಿರುತ್ತದೆಂದು ಕುಂಡಗಳನ್ನು ಹಲಗೆಯ ಮೇಲೆ ಇಟ್ಟೆ, ಹಲಗೆಯ ಕೆಳಗೆ ಹಳೆಯ ಕಂಬಳಿ ಹಾಸಿದೆ. ಒಂದು ಹೀಟರ್, ಒಂದು ಪುಟ್ಟ ಫ್ಯಾನು, ಗಾಳಿಯ ತೇವಕ್ಕೆ ಒಂದು ಯಂತ್ರ, ಶಾಖ ಇಳಿದರೆ ಕಿರುಚುವ ಒಂದು ಬ್ಯಾಟರಿ ಥರ್ಮಾಮೀಟರು. ಕೋಣೆ ಯಾವಾಗಲೂ ಎಪ್ಪತ್ತಾರು ಡಿಗ್ರಿಯಲ್ಲಿ ಬೆಚ್ಚಗಿರುತ್ತಿತ್ತು. ಹೊರಗೆ ಹನ್ನೊಂದಕ್ಕೆ ಹುಟ್ಟಿದ ಸೂರ್ಯ ಮೂರಕ್ಕೆ ಮೊದಲೇ ಮುಳುಗುತ್ತಿದ್ದರೆ ನನ್ನ ಗಿಡಗಳಿಗೆ ದಿನಕ್ಕೆ ಹದಿನೆಂಟು ಗಂಟೆ ಹಗಲು. ಒಂದು ನೀಲಿ ನೋಟ್‌ಬುಕ್ಕಿನಲ್ಲಿ ಬೆಳಿಗ್ಗೆ ಸಂಜೆ ಬರೆದಿಡುತ್ತಿದ್ದೆ: ಒಂದನೇ ಗಿಡ, ಎರಡು ಹೊಸ ಎಲೆ, ಎರಡನೇ ಗಿಡ, ತುದಿ ಸ್ವಲ್ಪ ಹಳದಿ, ಮೂರನೇ ಗಿಡ, ಉತ್ಸಾಹದಲ್ಲಿದೆ.

ಮಾತಾಡಿಸಿದರೆ ಗಿಡಗಳು ಚೆನ್ನಾಗಿ ಬೆಳೆಯುತ್ತವೆ ಎಂದು ಎಲ್ಲೋ ಓದಿದ್ದೆ. ನವೆಂಬರಿನ ಒಂದು ಮಧ್ಯಾಹ್ನ ಎರಡನೇ ಗಿಡದ ಮುಂದೆ ಬಗ್ಗಿ ಕೂತು, ಎಲೆಯನ್ನು ಬೆರಳಿನಿಂದ ಸವರುತ್ತ, “ಏನಮ್ಮ, ಚಳಿ ಆಗ್ತಿದೆಯಾ?” ಎಂದೆ.

“ಆಗ್ತಿದೆ,” ಎಂದು ಅಡುಗೆಮನೆಯಿಂದ ಉತ್ತರ ಬಂತು. “ಈ ಮನೆಗೆ ಬಂದಾಗ್ನಿಂದ ಆಗ್ತಿದೆ.”

ನಾನು ನಕ್ಕೆ. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಅಂಥ ಜಾಣ ನಾನು.

ಮರುದಿನ ಹೋಗಿ ನೋಡಿದರೆ ಮೇವಿಸ್ ತನ್ನ ಆರಾಮ ಕುರ್ಚಿಯನ್ನು ತಾನೇ ಎಳೆದು ತಂದು ಗಿಡಗಳ ನಡುವೆ ಹಾಕಿಕೊಂಡು ಕೂತಿದ್ದಳು. ಕಣ್ಣಿಗೆ ಕಪ್ಪು ಕನ್ನಡಕ, ಮೈಮೇಲೆ ಅರ್ಧ ತೋಳಿನ ಅಂಗಿ. ಅವಳ ಮೊಣಕೈ ನೋಡಿ ಎಷ್ಟು ಕಾಲವಾಗಿತ್ತೋ. ವಾರದೊಳಗೆ ಡೆಲ್ಫಿನ್ ಕೂಡ ಮಧ್ಯಾಹ್ನಗಳಲ್ಲಿ ಬರತೊಡಗಿದಳು. ಇಬ್ಬರೂ ಕಾಫಿ ಕುಡಿಯುತ್ತ, ಹೆಣೆಯುತ್ತ, ಊರವರ ವಿಷಯ ಮಾತಾಡುತ್ತ ಕೂರುತ್ತಿದ್ದರು. ಮೇವಿಸಳ ಬೆರಳು ಚುರುಕಾದವು. ಅದಕ್ಕೆ ಗಿಡಗಳ ಗಾಳಿಯೇ ಕಾರಣ, ಕೊಯ್ಲಿಗೆ ಮೊದಲೇ ಔಷಧಿ ಕೆಲಸ ಮಾಡುತ್ತಿದೆ ಎಂದು ನಾನು ಅವರಿಗೆ ವಿವರಿಸಿದೆ. ಡೆಲ್ಫಿನ್ ಮಾತ್ರ, ಇದು ಬೆಚ್ಚಗಿರುವುದರ ಗುಣ, ಇದನ್ನು ಕಂಡುಹಿಡಿಯಲು ಗಾಂಜಾ ಬೇಕಿರಲಿಲ್ಲ ಎಂದಳು. ನಾನು ಅವಳ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿಲ್ಲ.

ಡಿಸೆಂಬರಿನ ನಡುವೆ ತೊಂದರೆ ಶುರುವಾಯಿತು. ಮುಲಾಮಿನ ಕಸುವು ಇರುವುದು ಹೂವಿನಲ್ಲಿ, ಗಿಡ ಹೂ ಬಿಡಬೇಕಾದರೆ ದಿನಕ್ಕೆ ಹನ್ನೆರಡು ಗಂಟೆ ಕಗ್ಗತ್ತಲೆ ಬೇಕು, ಒಂದು ಎಳೆ ಬೆಳಕೂ ಬೀಳಬಾರದು. ಟೈಮರನ್ನು ಹಾಗೆ ತಿರುಗಿಸಿದೆ. ನಾಲ್ಕು ಗಂಟೆಯಾದರೆ ಕೋಣೆ ಮುಚ್ಚಬೇಕು ಎಂದು ಬಾಗಿಲಿಗೆ ಇನ್ನೊಂದು ಚೀಟಿ ಅಂಟಿಸಿದೆ. ಮೂರು ದಿನ ಮೇವಿಸ್ ನಾಲ್ಕಕ್ಕೆ ಎದ್ದು ಅಡುಗೆಮನೆಯ ಮೂಲೆಗೆ ಹೋದಳು. ನಾಲ್ಕನೆಯ ದಿನ ಸಂಜೆ ನಾನು ಅಂಗಡಿಯಿಂದ ಬಂದಾಗ ಆ ಬಾಗಿಲ ಸಂದಿಯಲ್ಲಿ ಬೆಳಕು ಕಂಡಿತು. ತೆರೆದು ನೋಡಿದರೆ, ಅವಳು ಕುರ್ಚಿಯಲ್ಲಿ ಕಾಲು ಮಡಚಿ ಕೂತು ಸಣ್ಣ ಟಾರ್ಚಿನ ಬೆಳಕಿನಲ್ಲಿ ಪುಸ್ತಕ ಓದುತ್ತಿದ್ದಳು. ನಾನು ರೇಗಿದೆ. ಎರಡು ತಿಂಗಳ ಶ್ರಮ ಹಾಳು ಮಾಡಿದೆ, ಈಗ ಗಿಡಗಳಿಗೆ ಗಲಿಬಿಲಿಯಾಗುತ್ತದೆ, ಇದೆಲ್ಲ ನಿನಗಾಗಿಯೇ ಮಾಡುತ್ತಿರುವುದು ಎಂದೆಲ್ಲ ಹೇಳಿದೆ.

ಮೇವಿಸ್ ಟಾರ್ಚು ಆರಿಸಿದಳು. ಕತ್ತಲಲ್ಲಿ ಅವಳ ದನಿ ಮಾತ್ರ ಕೇಳಿಸಿತು.

“ಅವು ಗಿಡ, ಎಲ್ಡನ್. ನಾನು ನಿನ್ನ ಹೆಂಡ್ತಿ. ಯಾರನ್ನ ಕತ್ತಲೇಲಿ ಇಡಬೇಕು ಅನ್ನೋದು ನಿಂಗೆ ಸ್ವಲ್ಪ ಗೊಂದಲ ಆಗಿದೆ.”

ಅಂದಿನಿಂದ ಅವಳು ಬೆಳಗಿನ ತಿಂಡಿ ಮುಗಿಸಿ ಹೆಣಿಗೆಯ ಚೀಲ ಹಿಡಿದು ಡೆಲ್ಫಿನ್ ಮನೆಗೆ ಹೋದರೆ ರಾತ್ರಿ ಊಟದ ಹೊತ್ತಿಗೇ ವಾಪಸಾಗುತ್ತಿದ್ದಳು. ಕೋಪವಿಲ್ಲ, ಜಗಳವಿಲ್ಲ. ಸಾರು ಒಲೆಯ ಮೇಲಿದೆ, ಪತ್ರ ಬಂದಿದೆ, ಇಷ್ಟೇ ಮಾತು. ನಾನು ಗಿಡಗಳ ಜೊತೆ ಮಾತು ಜಾಸ್ತಿ ಮಾಡಿದೆ. ಅವು ಹೂಮೊಗ್ಗು ಬಿಟ್ಟವು. ಅದನ್ನು ತೋರಿಸಲು ಮನೆಯಲ್ಲಿ ಯಾರೂ ಇರಲಿಲ್ಲ.

ಜನವರಿ ಎರಡನೇ ವಾರ ಹೊರಗೆ ಸೊನ್ನೆಗಿಂತ ನಲವತ್ತಾರು ಡಿಗ್ರಿ ಕೆಳಗೆ ಇಳಿಯಿತು. ಅಂಥ ಚಳಿಯಲ್ಲಿ ಗಾಳಿಯ ತೇವವೇ ಹೆಪ್ಪುಗಟ್ಟಿ ಮಂಜಿನಂತೆ ನಿಂತುಬಿಡುತ್ತದೆ. ರಸ್ತೆಯ ಆಚೆಯ ದೀಪವೂ ಕಾಣುವುದಿಲ್ಲ. ಬೆಳಿಗ್ಗೆ ಹತ್ತರ ಹೊತ್ತಿಗೆ, ಮೇವಿಸ್ ಆಗಲೇ ಡೆಲ್ಫಿನ್ ಮನೆಗೆ ಹೋಗಿದ್ದಾಗ, ಕರೆಂಟು ಹೋಯಿತು. ಆ ಮಂಜಿನಲ್ಲಿ ಯಾವುದೋ ಲಾರಿ ಕಂಬಕ್ಕೆ ಗುದ್ದಿದೆ, ಸರಿಯಾಗುವುದು ನಾಳೆಯೇ ಎಂದು ಬ್ಯಾಟರಿ ರೇಡಿಯೋದಲ್ಲಿ ಹೇಳಿದರು. ಕರೆಂಟಿಲ್ಲದೆ ಬಾಯ್ಲರ್ ಓಡುವುದಿಲ್ಲ. ಅದು ಬರೀ ಕಬ್ಬಿಣದ ಪೆಟ್ಟಿಗೆ. ನಾನು ಹೆದರಲಿಲ್ಲ. ನನ್ನ ಬಳಿ ಜನರೇಟರ್ ಇತ್ತು. ಮೂರು ವರ್ಷದಿಂದ ಅದನ್ನು ಒಮ್ಮೆಯೂ ಓಡಿಸಿರಲಿಲ್ಲ. ಹಿತ್ತಲ ಶೆಡ್ಡಿನಲ್ಲಿ ಅದರ ಎಣ್ಣೆ ಟಾರಿನಂತೆ ಗಟ್ಟಿಯಾಗಿತ್ತು. ಹಗ್ಗ ಹಿಡಿದು ಒಂದು ಸಲ ಎಳೆದೆ, ಎರಡು ಸಲ ಎಳೆದೆ, ಮೂರನೆಯ ಸಲಕ್ಕೆ ಹಗ್ಗ ಕಿತ್ತು ಕೈಗೇ ಬಂತು, ನಾನು ಹಿಮದಲ್ಲಿ ಕುಂಡಿಯೂರಿ ಕೂತಿದ್ದೆ. ಅದನ್ನು ಹಾಗೆ ಬಿಟ್ಟಿದ್ದವನು ಬೇರೆ ಯಾರಾದರೂ ಆಗಿದ್ದರೆ ಅವನನ್ನು ಅರ್ಧ ಗಂಟೆ ಬೈದಿರುತ್ತಿದ್ದೆ.

ಒಳಗೆ ಬಂದಾಗ ಹಿಂದಿನ ಕೋಣೆಯ ಥರ್ಮಾಮೀಟರು ಕಿರುಚುತ್ತಿತ್ತು. ಮನೆಯ ಶಾಖ ಐವತ್ತೈದಕ್ಕೆ ಇಳಿದು, ಇನ್ನೂ ಇಳಿಯುತ್ತಿತ್ತು. ಆಗ ನನ್ನ ಮನಸ್ಸಿಗೆ ಬಂದದ್ದು ಒಂದೇ, ಗಿಡಗಳನ್ನು ಉಳಿಸಬೇಕು. ಗ್ಯಾಸ್ ಒಲೆಯ ಮೇಲೆ ನೀರು ಕಾಯಿಸಿ ಬಾಟಲಿಗಳಿಗೆ ತುಂಬಿದೆ. ನಮ್ಮ ಮಂಚದ ಮೇಲಿನ ರಜಾಯಿಯನ್ನೂ ಮೇವಿಸ್ ಹೆಣೆದಿದ್ದ ಎರಡು ಶಾಲುಗಳನ್ನೂ ತಂದು ಗಿಡಗಳಿಗೆ ಮೈತುಂಬ ಹೊದಿಸಿ, ಬಾಟಲಿಗಳ ಜೊತೆ ಎತ್ತರದ ರಟ್ಟಿನ ಪೆಟ್ಟಿಗೆಯಲ್ಲಿ ನಿಲ್ಲಿಸಿ, ಪೆಟ್ಟಿಗೆಯನ್ನು ಸೌದೆ ಎಳೆಯುವ ಜಾರುಗಾಡಿಗೆ ಕಟ್ಟಿದೆ. ಡೆಲ್ಫಿನ್ ಮನೆ ಅರವತ್ತು ಹೆಜ್ಜೆ ದೂರ. ನಲವತ್ತನೇ ಹೆಜ್ಜೆಯಲ್ಲಿ ನನ್ನ ಕಾಲು ಜಾರಿತು. ಗಾಡಿ ಮಗುಚಿತು, ಒಂದು ಗಿಡ ಶಾಲಿನಿಂದ ಹೊರಗೆ ಉರುಳಿತು. ನಾನು ಎದ್ದು ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಅದರ ಎಲೆಗಳು ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದಿದ್ದವು. ಮೂರನೇ ಗಿಡ, ಉತ್ಸಾಹದಲ್ಲಿದ್ದದ್ದು.

ಡೆಲ್ಫಿನ್ ಬಾಗಿಲು ತೆರೆದಳು. ಒಲೆಯ ಬಿಸಿ ಮುಖಕ್ಕೆ ಬಡಿಯಿತು. ಅವಳ ಹಿಂದೆ ಮೇವಿಸ್ ಹೆಣಿಗೆಯ ಕಡ್ಡಿ ಕೈಯಲ್ಲಿ ಹಿಡಿದೇ ಎದ್ದು ನಿಂತಿದ್ದಳು. ನನ್ನ ಮೀಸೆಯೆಲ್ಲ ಮಂಜುಗಟ್ಟಿತ್ತು, ತೋಳಲ್ಲಿ ಸತ್ತ ಗಿಡವಿತ್ತು, ಹಿಂದೆ ಶಾಲು ಹೊದ್ದ ಇನ್ನೆರಡು ಗಿಡಗಳಿದ್ದವು. ಡೆಲ್ಫಿನ್ ಎಲ್ಲವನ್ನೂ ಒಮ್ಮೆ ನೋಡಿದಳು.

“ಪೈಪಿನ ನೀರು ಬಸಿದೆಯಾ?”

ಪೈಪು ಆಗ ನೆನಪಾಯಿತು. ಗಿಡವನ್ನು ಹೊಸ್ತಿಲ ಮೇಲೆ ಇಟ್ಟೆ.

“ಇಪ್ಪತ್ತು ವರ್ಷದಿಂದ ನಂಗೆ ಹೇಳ್ತಿದ್ದೆ ನೀನು. ನಮ್ಮನೇಲಿ ಪೈಪೇ ಇಲ್ಲ, ಆದ್ರೂ ಹೇಳ್ತಿದ್ದೆ. ಓಡಪ್ಪ, ಓಡು.”

ಓಡಿದೆ. ಅರವತ್ತೆರಡು ವರ್ಷದವನು ಅಂಥ ಚಳಿಯಲ್ಲಿ ಭಾರದ ಬೂಟು ಹಾಕಿಕೊಂಡು ಎಷ್ಟು ಓಡಬಹುದೋ ಅಷ್ಟು. ನೆಲಮಾಳಿಗೆಗೆ ಇಳಿದು ಟಾರ್ಚು ಹಲ್ಲಲ್ಲಿ ಕಚ್ಚಿ ಒಂದೊಂದೇ ಕೊಳಾಯಿ ತೆರೆದು ನೀರು ಬಿಟ್ಟೆ. ಹೆಚ್ಚಿನವು ಹರಿದವು. ಅಡುಗೆಮನೆಯ ಬಾಗಿಲ ಪಕ್ಕದ ಪೈಪು ಮಾತ್ರ ಆಗಲೇ ಹೆಪ್ಪುಗಟ್ಟಿತ್ತು, ಮೇವಿಸಳನ್ನು ನಾನು ಕೂರಿಸಿದ್ದ ಮೂಲೆಯ ಗೋಡೆಯೊಳಗಿನದು.

ಕೆಲಸ ಮುಗಿದ ಮೇಲೆ ನೇರವಾಗಿ ವಾಪಸು ಹೋಗಬೇಕಿತ್ತು. ಆದರೆ ಹಿಂದಿನ ಕೋಣೆಗೆ ಹೋಗಿ ನೋಟ್‌ಬುಕ್ ತೆಗೆದುಕೊಂಡೆ. ಮೂರನೇ ಗಿಡದ ಸಾವನ್ನು ಗಂಟೆ ನಿಮಿಷದ ಸಮೇತ ಬರೆದಿಡಬೇಕು ಅನ್ನಿಸಿತ್ತು ನನಗೆ. ಬೆರಳು ಮರಗಟ್ಟಿ ಪುಸ್ತಕ ಜಾರಿ ನೆಲಕ್ಕೆ ಬಿತ್ತು, ಕೊನೆಯ ಕಡೆಯಿಂದ ತೆರೆದುಕೊಂಡಿತು. ಅಲ್ಲಿ ನನ್ನ ಅಕ್ಷರವಿರಲಿಲ್ಲ. ಮೇವಿಸಳ ದುಂಡು ಅಕ್ಷರ, ನೋವಿನ ಬೆರಳಲ್ಲಿ ಬರೆದದ್ದರಿಂದ ಅಲ್ಲಲ್ಲಿ ಸೊಟ್ಟಗಾಗಿತ್ತು. ಮೇಲೆ ‘ನಾಲ್ಕನೇ ಗಿಡ’ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಳು.

‘ನವೆಂಬರ್ ಒಂಬತ್ತು. ಜಾಗ, ಅಡುಗೆಮನೆಯ ಬಾಗಿಲ ಪಕ್ಕ. ಶಾಖ ಐವತ್ತೆಂಟು. ಬೆಳಕು ಒಂದು ಬಲ್ಬು. ತುದಿಗಳು ಬಿಗಿದುಕೊಂಡಿವೆ.’ ‘ನವೆಂಬರ್ ಹದಿನಾರು. ಬೆಚ್ಚಗಿನ ಕೋಣೆಗೆ ತಾನೇ ಸ್ಥಳಾಂತರಗೊಂಡಿದೆ. ಚೇತರಿಕೆ ಕಾಣುತ್ತಿದೆ.’ ‘ಡಿಸೆಂಬರ್ ಹದಿನೆಂಟು. ಮತ್ತೆ ಹಳೆಯ ಜಾಗ. ಶಾಖ ಐವತ್ತೇಳು. ಇಂದು ಯಾರೂ ಮಾತಾಡಿಸಲಿಲ್ಲ.’ ಅದರ ಕೆಳಗೆ ದಿನಾಂಕಗಳಷ್ಟೇ ಇದ್ದವು, ಒಂದೊಂದರ ಮುಂದೆಯೂ ಅದೇ ಮಾತು: ‘ಮಾತಾಡಿಸಲಿಲ್ಲ.’

ಟಾರ್ಚಿನ ಬೆಳಕಿನಲ್ಲಿ ಅದನ್ನು ಮೂರು ಸಲ ಓದಿದೆ. ಮನೆಯ ಶಾಖ ಆಗ ನಲವತ್ತರ ಹತ್ತಿರ ಇದ್ದಿರಬೇಕು. ನನ್ನ ಮೂಗಿನಿಂದ ನೀರಿಳಿಯುತ್ತಿತ್ತು. ಚಳಿಯಿಂದ ಎಂದು ಹೇಳಿಕೊಳ್ಳುವ ಅವಕಾಶವಿತ್ತು, ಹೇಳಿಕೊಂಡೆ.

ಡೆಲ್ಫಿನ್ ಮನೆಗೆ ಮರಳಿದಾಗ ಅವಳು ಮೂಸ್ ಎಂಬ ದೊಡ್ಡ ಕಡವೆಯ ಮಾಂಸದ ಸಾರು ಬಿಸಿ ಮಾಡುತ್ತಿದ್ದಳು. ಉಳಿದ ಎರಡು ಗಿಡಗಳನ್ನು ಒಲೆಯಿಂದ ಸ್ವಲ್ಪ ದೂರ, ಕಿಟಕಿಯ ಹತ್ತಿರ ಇಟ್ಟು ಪಕ್ಕದಲ್ಲಿ ಸೀಮೆಎಣ್ಣೆ ದೀಪ ಹಚ್ಚಿಟ್ಟಿದ್ದಳು. ನನ್ನ ಬೂಟು ಬಿಚ್ಚಿಸಿ, ಕಾಲನ್ನು ಒಲೆಯ ಕಡೆ ಚಾಚಿಸಿ, ಕಾಲ್ಬೆರಳು ಎಣಿಸಿ ನೋಡಿ, ಹತ್ತೂ ಇವೆ, ಪರವಾಗಿಲ್ಲ ಎಂದಳು. ಆಮೇಲೆ ಸೌದೆ ತರುತ್ತೇನೆಂದು ಹೊರಗೆ ಹೋದಳು. ಒಲೆಯ ಪಕ್ಕ ಸೌದೆ ಸೊಂಟದೆತ್ತರಕ್ಕೆ ಇತ್ತು.

“ನೋಟ್‌ಬುಕ್ಕಿನ ಹಿಂದಿನ ಪುಟ ನೋಡ್ದೆ,” ಎಂದೆ ನಾನು.

ಮೇವಿಸ್ ಹೆಣಿಗೆಯಿಂದ ತಲೆ ಎತ್ತಲಿಲ್ಲ. “ಎಷ್ಟು ದಿನ ಆಯ್ತು ಬರೆಯೋಕೆ ಶುರು ಮಾಡಿ, ಗೊತ್ತಾ? ನೀನು ದಿನಾ ಎರಡು ಸಲ ಅದೇ ಪುಸ್ತಕ ತೆಗೀತಿದ್ದೆ. ಒಂದಿನ ಆದ್ರೂ ತಿರುಗಿಸಿ ನೋಡ್ತಾನೆ ಅಂದ್ಕೊಂಡಿದ್ದೆ.”

“ಬಾಯಲ್ಲೇ ಹೇಳಬಹುದಿತ್ತಲ್ಲ.”

“ಹೇಳ್ದೆ. ಚಳಿ ಆಗ್ತಿದೆ ಅಂದೆ. ನೀನು ನಕ್ಕೆ.”

“ನಾನೊಬ್ಬ ದಡ್ಡ, ಮೇವಿಸ್,” ಎಂದೆ.

“ದಡ್ಡ ಅಲ್ಲ. ದಡ್ಡ ಆಗಿದ್ರೆ ಎಂದೋ ಕ್ಷಮಿಸ್ಬಿಡ್ತಿದ್ದೆ. ನೀನು ಊರಿಗೆಲ್ಲ ಬೆಚ್ಚಗಿರೋದು ಹೇಗೆ ಅಂತ ಹೇಳ್ಕೊಡೋನು.” ಹೀಗೆ ಹೇಳಿ ಅವಳು ಹೆಣೆಯುವುದನ್ನು ನಿಲ್ಲಿಸಿ ನನ್ನ ಪಾದದ ಮೇಲೆ ಕೈ ಇಟ್ಟಳು. “ಅಯ್ಯೋ, ಐಸಿನ ಹಾಗಿದೆ. ಇನ್ನೂ ಹತ್ತಿರ ಚಾಚು.”

ಡೆಲ್ಫಿನ್ ಒಂದೇ ಒಂದು ಕಟ್ಟಿಗೆ ಹಿಡಿದು ಒಳಗೆ ಬಂದಳು.

ಮರುದಿನ ಮಧ್ಯಾಹ್ನ ಕರೆಂಟು ಬಂತು. ಹೆಪ್ಪುಗಟ್ಟಿದ ಪೈಪು ಒಡೆದು ಅಡುಗೆಮನೆಯ ನೆಲವೆಲ್ಲ ನೀರಾಗಿತ್ತು. ಗೋಡೆ ಬಿಚ್ಚಿ ಪೈಪು ಬದಲಿಸಲು ನನಗೆ ನಾಲ್ಕು ದಿನ ಹಿಡಿಯಿತು. ಸಾಮಾನು ಕೊಳ್ಳಲು ಹೋದ ಅಂಗಡಿಯಲ್ಲಿ ಹಳೆಯ ಗಿರಾಕಿಯೊಬ್ಬ ಸಿಕ್ಕಿ, ಯಾರ ಮನೆಯಲ್ಲಿ ಪೈಪು ಒಡೆದದ್ದು ಎಂದು ಕೇಳಿದ. ಪರಿಚಯದವರ ಮನೆ ಎಂದೆ. ಅವನು ನನ್ನ ಬೆನ್ನು ತಟ್ಟಿ, ಆ ಪರಿಚಯದವರಿಗೆ ನೀರು ಬಸಿಯಲು ಹೇಳಿರಲಿಲ್ಲವೇ ಎಂದ. ಡೆಲ್ಫಿನ್ ಆ ಹೊತ್ತಿಗಾಗಲೇ ಊರಲ್ಲಿ ಮೂರು ಜನಕ್ಕೆ ಹೇಳಿಯಾಗಿತ್ತು ಎಂದು ಆಮೇಲೆ ತಿಳಿಯಿತು.

ಥರ್ಮೋಸ್ಟ್ಯಾಟಿನ ಮೇಲಿನ ಚೀಟಿಯನ್ನು ನಾನೇ ಕಿತ್ತೆ. ಅಂಟು ಹಳೆಯದಾಗಿ ಗೋಡೆಯ ಬಣ್ಣವೂ ಅದರ ಜೊತೆ ಬಂತು. ಹಿಂದಿನ ಕೋಣೆಗೆ ಮೇವಿಸಳ ಮೆಷೀನು, ಬುಟ್ಟಿಗಳು, ಕುರ್ಚಿ ವಾಪಸು ಬಂದವು. ದೀಪಗಳಲ್ಲಿ ಒಂದನ್ನು ಅವಳು ಹೆಣೆಯಲು ಅನುಕೂಲವಾಗುವಂತೆ ಕೆಳಗಿಳಿಸಿ ಕಟ್ಟಿದೆ. ಎರಡು ಗಿಡಗಳು ಡೆಲ್ಫಿನ್ ಮನೆಯ ಕಿಟಕಿಯಲ್ಲೇ ಉಳಿದವು. ಅವಳು ಅವಕ್ಕೆ ಸಂಜೆ ಹೊತ್ತು ಮೇಲೊಂದು ಗೋಣಿಚೀಲ ಕವುಚುತ್ತಿದ್ದಳು, ಬೆಳಿಗ್ಗೆ ತೆಗೆಯುತ್ತಿದ್ದಳು. ಅವಳ ಗಿಡ ಸಾಕಾಣಿಕೆಯೆಂದರೆ ಇಷ್ಟೇ. ಒಂದು ಗಿಡ ಟಾರ್ಚಿನ ಗಲಿಬಿಲಿಯಿಂದಲೋ ಏನೋ ಹೂವಿನ ತುಂಬ ಬೀಜ ಕಟ್ಟಿತು, ಕೆಲಸಕ್ಕೆ ಬರಲಿಲ್ಲ. ಇನ್ನೊಂದು ಮಾರ್ಚಿನಲ್ಲಿ ಕೊಯ್ಲಿಗೆ ಬಂತು. ನಾನು ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ ಮುಲಾಮು ಮಾಡಿದೆ. ಆರು ತಿಂಗಳ ಬೆಳೆ, ಹೆಬ್ಬೆರಳಿನಷ್ಟು ಡಬ್ಬಿ. ಒದ್ದೆ ನಾಯಿ ಮಲಗೆದ್ದ ಕಂಬಳಿಯ ವಾಸನೆ.

ಮೇವಿಸಳ ಬೆರಳು ಪೂರ್ತಿ ಗುಣವಾಗಿಲ್ಲ, ಆಗುವುದೂ ಇಲ್ಲ ಎಂದಿದ್ದಾರೆ ಡಾಕ್ಟರು. ಬೆಳಗಿನ ಹೊತ್ತು ಕಾಫಿ ಲೋಟ ಹಿಡಿಯುತ್ತಾಳೆ, ಕಷ್ಟವಾದ ದಿನ ನಾನು ಹಿಡಿದುಕೊಡುತ್ತೇನೆ. ಮುಲಾಮನ್ನು ಸಂಜೆ ಹೊತ್ತು ನಾನೇ ಹಚ್ಚುತ್ತೇನೆ, ಒಂದೊಂದೇ ಗಿಣ್ಣಿಗೆ, ನಿಧಾನವಾಗಿ. ಮೊನ್ನೆ ಹಾಗೆ ಹಚ್ಚುತ್ತಿರುವಾಗ, ತೋರುಬೆರಳಿಗೆ ರಕ್ತ ಹರಿಯಬೇಕಾದರೆ ಅಂಗೈಯಿಂದ ಮೇಲಕ್ಕೆ ತಿಕ್ಕಬೇಕು, ಅದಕ್ಕೊಂದು ಕ್ರಮವಿದೆ ಎಂದು ವಿವರಿಸತೊಡಗಿದೆ. ಅವಳು ಇನ್ನೊಂದು ಕೈ ಚಾಚಿ ರೇಡಿಯೋದ ದನಿ ಜೋರು ಮಾಡಿದಳು.